ಶನಿವಾರ ಗೆಳತಿ ಬರ್ತಾಳೆ, ಅಡುಗೆಮನೆಗೆ ರಜಾ!

ಒಂದು ಪ್ರಶ್ನೆ ಕೇಳ್ತೀನಿ, ಪ್ರಾಮಾಣಿಕವಾಗಿ ಉತ್ತರ ಹೇಳಿ. ನೀವು ಒಂದು ಸಿನಿಮಾವನ್ನು ಪೂರ್ತಿಯಾಗಿ ನೋಡಿ ಎಷ್ಟು ದಿನ ಆಯ್ತು?

ಪೂರ್ತಿ ಅಂದ್ರೆ ಪೂರ್ತಿ. ಹೆಸರು ಬೀಳುವಲ್ಲಿಂದ ಹಿಡಿದು ‘ಶುಭಂ’ ತನಕ. ಮಧ್ಯೆ ಕುಕ್ಕರ್ ಕೂಗಿತು ಅಂತ ಏಳದೆ, ಗ್ಯಾಸ್‌ನವನು ಬಂದ ಅಂತ ಬಾಗಿಲಿಗೆ ಓಡದೆ, ಮಗನ ಸಾಕ್ಸ್ ಹುಡುಕಿಕೊಡದೆ. ಮುಂದೆ ಒಗೆದ ಬಟ್ಟೆಯ ರಾಶಿ ಹಾಕಿಕೊಂಡು ಮಡಚದೆ, ಸೊಪ್ಪು ಸೋಸದೆ, ಬೀನ್ಸಿನ ನಾರು ತೆಗೆಯದೆ... ಸುಮ್ಮನೆ ಕಾಲು ಚಾಚಿ ಕೂತು ನೋಡಿದ್ದು ಯಾವಾಗ?

ನೆನಪಾಗ್ತಿಲ್ಲ ಅಲ್ವಾ? ನಮ್ಮಲ್ಲಿ ಬಹಳಷ್ಟು ಹೆಂಗಸರ ಕಥೆ ಇಷ್ಟೇ. ಎಷ್ಟೋ ಸಿನಿಮಾದ ಮೊದಲರ್ಧ ಗೊತ್ತು, ಕೊನೆ ಗೊತ್ತಿಲ್ಲ. ಇನ್ನು ಕೆಲವದ್ದು ಕೊನೆ ಗೊತ್ತು, ಅವರಿಬ್ಬರಿಗೆ ಜಗಳ ಯಾಕಾಯ್ತು ಅನ್ನೋದೇ ಗೊತ್ತಿಲ್ಲ! ಟೀವಿ ಹಾಲ್‌ನಲ್ಲಿರುತ್ತೆ, ನಾವು ಒಲೆಯ ಮುಂದೆ ಇರ್ತೀವಿ. ಸಂಭಾಷಣೆ ಕಿವಿಗೆ ಬೀಳುತ್ತೆ, ಮುಖ ಕಾಣಿಸಲ್ಲ. ಹಾಗೆ ನೋಡಿದರೆ ನಾವು ಸಿನಿಮಾ ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಹಾಗಾಗಿ ಈ ಸಲ ನಾನು ಹೇಳಹೊರಟಿರೋದು ಒಂದು ಸಣ್ಣ ಸಲಹೆ. ಕೇಳಿದ ತಕ್ಷಣ “ಅಯ್ಯೋ, ನಮ್ಮನೇಲಿ ಇದೆಲ್ಲ ನಡೆಯಲ್ಲಪ್ಪಾ” ಅನ್ನಬೇಡಿ. ಪೂರ್ತಿ ಓದಿ, ಆಮೇಲೆ ಹೇಳಿ. ಮೂರು ತಿಂಗಳಿಗೆ ಒಂದು ಸಲ, ಒಂದು ಶನಿವಾರ ಮತ್ತು ಭಾನುವಾರ, ಒಬ್ಬ ಗೆಳತಿಯನ್ನು ಮನೆಗೆ ಕರೆಯಿರಿ. ದಿನಕ್ಕೆ ಎರಡರಂತೆ ನಾಲ್ಕು ಸಿನಿಮಾ ನೋಡಿ. ಕೂತು ನೋಡಿ. ಪೂರ್ತಿ ನೋಡಿ. ಅಷ್ಟೇ!

ಇದು ಸೋಮಾರಿತನ ಅಲ್ಲವೇ ಅಲ್ಲ

ನನಗೆ ಗೊತ್ತು, ಮೊದಲು ಬರುವ ಮಾತು ಇದೇ. “ಮನೆ ತುಂಬ ಕೆಲಸ ಇಟ್ಟುಕೊಂಡು ಎರಡು ದಿನ ಸಿನಿಮಾ ನೋಡೋದಾ? ನೋಡಿದವರು ಏನಂತಾರೆ?” ಈ ಮಾತನ್ನು ಬೇರೆಯವರು ಹೇಳುವ ಮೊದಲೇ ನಮ್ಮ ಮನಸ್ಸೇ ಹೇಳಿಬಿಡುತ್ತೆ. ಮಧ್ಯಾಹ್ನ ಅರ್ಧ ಗಂಟೆ ಮಲಗಿದ್ದಾಗ ಕಾಲಿಂಗ್ ಬೆಲ್ ಆದರೆ ಸೆರಗು ಸರಿ ಮಾಡಿಕೊಂಡು, “ಮಲಗಿರಲಿಲ್ಲ, ಸುಮ್ನೆ ಹೀಗೆ ಒರಗಿದ್ದೆ” ಅಂತ ಸಮಜಾಯಿಷಿ ಕೊಡೋರಲ್ವೇ ನಾವು? ಯಾರೂ ಕೇಳಿರೋದೇ ಇಲ್ಲ!

ಸ್ವಲ್ಪ ಲೆಕ್ಕ ಹಾಕೋಣ ಬನ್ನಿ. ಕೇಂದ್ರ ಸರ್ಕಾರ 2024ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಜನ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತಾರೆ ಅನ್ನುವ ಲೆಕ್ಕ ಅದು. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈಹಾಕುವ ಗಂಡಸರು ಕೊಡೋದು 88 ನಿಮಿಷ. ಮಕ್ಕಳನ್ನು ನೋಡಿಕೊಳ್ಳುವುದು, ವಯಸ್ಸಾದವರ ಆರೈಕೆ ಇವೆಲ್ಲ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. 2019ರಲ್ಲಿ ಇದೇ ಸಮೀಕ್ಷೆ ನಡೆದಾಗ ಹೆಂಗಸರದ್ದು 299 ನಿಮಿಷ, ಗಂಡಸರದ್ದು 97 ನಿಮಿಷ ಇತ್ತು. ಅಂದರೆ ಐದು ವರ್ಷದಲ್ಲಿ ನಮಗೆ ಉಳಿತಾಯವಾಗಿದ್ದು ದಿನಕ್ಕೆ ಹತ್ತು ನಿಮಿಷ. ಗಂಡಸರೂ ಒಂಬತ್ತು ನಿಮಿಷ ಉಳಿಸಿಕೊಂಡಿದ್ದಾರೆ, ಅದು ಬೇರೆ ಮಾತು!

ಈಗ 289 ನಿಮಿಷವನ್ನು ಏಳರಿಂದ ಗುಣಿಸಿ. ವಾರಕ್ಕೆ ಸುಮಾರು 33 ಗಂಟೆ 43 ನಿಮಿಷ. ಇದಕ್ಕೆ ಭಾನುವಾರದ ರಜೆ ಇಲ್ಲ, ಹಬ್ಬಕ್ಕೆ ಡಬಲ್ ಕೆಲಸ. ನಾನು ಕೇಳ್ತಿರೋದು ಎಷ್ಟು? ನಾಲ್ಕು ಸಿನಿಮಾ, ಒಂದೊಂದು ಎರಡೂವರೆ ಗಂಟೆ ಅಂದ್ರೂ ಹತ್ತು ಗಂಟೆ. ಅದೂ ಮೂರು ತಿಂಗಳಿಗೆ ಒಂದು ಸಲ. ಆಫೀಸಿಗೆ ಹೋಗುವವರಿಗೆ ವಾರದ ರಜೆ ಇರುತ್ತೆ, ಹಬ್ಬದ ರಜೆ ಇರುತ್ತೆ, ಅದನ್ನು ಯಾರೂ ಸೋಮಾರಿತನ ಅನ್ನಲ್ಲ. ಹಾಗಿದ್ದ ಮೇಲೆ ನಿಮ್ಮ ಹತ್ತು ಗಂಟೆಗೆ ಯಾಕೆ ಆ ಹೆಸರು?

ಒಬ್ಬರೇ ಯಾಕೆ ನೋಡಬಾರದು?

“ಮೊಬೈಲ್‌ನಲ್ಲಿ ದಿನಾ ನೋಡ್ತೀನಲ್ಲ” ಅನ್ನುವವರು ಇದ್ದೀರಿ. ಹೌದು, ನೋಡ್ತೀರಿ. ಎಲ್ಲರೂ ಮಲಗಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಲೈಟ್ ಆರಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಒಂದು ಎಪಿಸೋಡ್ ಅಂದುಕೊಂಡಿದ್ದು ಮೂರಾಗುತ್ತೆ. ಬೆಳಗ್ಗೆ ಐದೂವರೆಗೆ ಹಾಲಿನವನು ಬಂದಾಗ ಕಣ್ಣು ಉರಿ. ಇಡೀ ದಿನ ಸಿಡಿಮಿಡಿ. ಇದು ವಿಶ್ರಾಂತಿ ಅಲ್ಲ, ನಿಮ್ಮದೇ ನಿದ್ದೆಯಿಂದ ಸಾಲ ತಂದ ಸಮಯ. ಸಾಲ ಅಂದ ಮೇಲೆ ಬಡ್ಡಿ ಕಟ್ಟಲೇಬೇಕು.

ಇನ್ನೊಂದು ಮಾತಿದೆ. ಸಿನಿಮಾ ಒಬ್ಬರೇ ನೋಡುವಂಥ ವಸ್ತುವೇ ಆಗಿರಲಿಲ್ಲ. ನಿಮ್ಮ ಅಮ್ಮನನ್ನು ಕೇಳಿ ನೋಡಿ. ಮ್ಯಾಟಿನಿಗೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿಕೊಂಡು ಹೋಗಿ ಲೇಡೀಸ್ ಕ್ಯೂನಲ್ಲಿ ನಿಂತು ಟಿಕೆಟ್ ತೆಗೀತಿದ್ದ ಕಥೆ ಹೇಳ್ತಾರೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಆಗ ಸಾಲಾಗಿ ಇದ್ದ ಚಿತ್ರಮಂದಿರಗಳಲ್ಲಿ ಎಷ್ಟೋ ಈಗ ಇಲ್ಲ. ಎಂಬತ್ತರ ದಶಕದಲ್ಲಿ ವೀಡಿಯೊ ಕ್ಯಾಸೆಟ್ ಬಂತು. ಪ್ಲೇಯರ್ ಮತ್ತು ಮೂರ್ನಾಲ್ಕು ಕ್ಯಾಸೆಟ್ ಬಾಡಿಗೆಗೆ ತಂದರೆ ರಾತ್ರಿಯಿಡೀ ಇಡೀ ಬೀದಿಗೆ ಸಿನಿಮಾ. ದೂರದರ್ಶನದ ಭಾನುವಾರದ ಕನ್ನಡ ಚಿತ್ರಕ್ಕೆ ಟೀವಿ ಇದ್ದವರ ಮನೆಯಲ್ಲಿ ಚಾಪೆ ಹಾಸಿ ಕೂರ್ತಿದ್ದರು. ಆಮೇಲೆ ಉದಯ ಟೀವಿ ಬಂತು, ಮನೆಗೊಂದು ಟೀವಿ ಆಯ್ತು. ಈಗ ತಲೆಗೊಂದು ಪರದೆ. ಒಂದೇ ಸೋಫಾದ ಮೇಲೆ ಕೂತ ನಾಲ್ಕು ಜನ ನಾಲ್ಕು ಕಥೆ ನೋಡ್ತಿರ್ತಾರೆ. ಅನುಕೂಲ ಹೆಚ್ಚಾಯ್ತು, ನಿಜ. ಆದರೆ “ಅಯ್ಯೋ ಪಾಪ, ಅವಳಿಗೆ ಹಾಗಾಗಬಾರದಿತ್ತು ಕಣೇ” ಅಂತ ಪಕ್ಕದವಳ ಕೈ ಹಿಡಿದು ಹೇಳೋದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಸಿನಿಮಾ ಒಂದಿದೆ. ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸು’ (2008). ವೈದೇಹಿಯವರ ಕಥೆಯಿಂದ ಹುಟ್ಟಿದ್ದು. ಅದರಲ್ಲಿ ಗುಲಾಬಿ ಅನ್ನುವ ಸೂಲಗಿತ್ತಿಯ ಪಾತ್ರ ಮಾಡಿದ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಗುಲಾಬಿಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳಿಗೆ ಡಿಶ್ ಸಮೇತ ಕಲರ್ ಟೀವಿ ಸಿಗುತ್ತೆ. ಗಂಡಸರು ಮೀನು ಹಿಡಿಯಲು ಹೋದ ಮೇಲೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಗುಡಿಸಲಿಗೆ ಬಂದು ಕೂರ್ತಾರೆ. ಗುಲಾಬಿ ಮುಸ್ಲಿಂ ಅನ್ನುವ ಕಾರಣಕ್ಕೆ ಕೆಲವರು ಬರಲ್ಲ, ಇನ್ನು ಕೆಲವರು ಹೊರಗೇ ನಿಂತು ಇಣುಕ್ತಾರೆ. ಗಂಡ ಹತ್ತಿರವಿಲ್ಲದ, ಅತ್ತೆಯ ಕಾವಲಿನಲ್ಲಿರುವ ನೇತ್ರು ಅನ್ನುವ ಹುಡುಗಿ ಮಾತ್ರ ದಿನಾ ಬರ್ತಾಳೆ. ಮನಸ್ಸಿನ ಮಾತು ಹೇಳಿಕೊಳ್ಳೋಕೆ ಅವಳಿಗೆ ಗುಲಾಬಿ ಸಿಗ್ತಾಳೆ. ಕೊನೆಗೆ ಊರಿನ ಜಗಳ ಗುಲಾಬಿಯ ಮನೆಯನ್ನೂ ಬಿಡಲ್ಲ, ಅದು ದುಃಖದ ಕಥೆ. ಆದರೆ ಆ ಗುಡಿಸಲಲ್ಲಿ ಟೀವಿ ಮುಂದೆ ಕೂತ ಹೆಂಗಸರ ಮುಖ ಒಂದ್ಸಲ ನೋಡಿ. ಟೀವಿ ಒಂದು ನೆಪ, ಬಂದಿರೋದು ಜೊತೆಗಾಗಿ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಯಾರನ್ನು ಕರೆಯೋದು?

ಇದು ಬಹಳ ಮುಖ್ಯ. ಗುಂಪು ಬೇಡ. ಆರು ಜನ ಸೇರಿದರೆ ಅದು ಕಿಟ್ಟಿ ಪಾರ್ಟಿ ಆಗುತ್ತೆ. ಸೀರೆ, ಒಡವೆ, ಮಕ್ಕಳ ಮಾರ್ಕ್ಸು, ಫ್ಲ್ಯಾಟಿನ ರೇಟು... ಸಿನಿಮಾ ಮೂಲೆಗೆ. ಒಬ್ಬಳು ಸಾಕು.

ಆ ಒಬ್ಬಳು ಯಾರು? ಮದುವೆಗೆ ಮುಂಚೆ ನಿಮಗೆ ಒಬ್ಬ ಗೆಳತಿ ಇದ್ದಳಲ್ಲ, ಕಾಲೇಜಿಗೆ ಒಟ್ಟಿಗೆ ಹೋಗ್ತಿದ್ದವಳು, ಒಂದೇ ಪ್ಲೇಟ್ ಚುರುಮುರಿ ಹಂಚಿಕೊಂಡು ತಿಂತಿದ್ದವಳು? ಅವಳು ಈಗ ಎಲ್ಲಿದ್ದಾಳೆ? ಇದೇ ಊರಿನಲ್ಲಿ, ಎರಡು ಬಸ್ ಬದಲಿಸುವಷ್ಟು ದೂರದಲ್ಲಿ ಇರಬಹುದು. ವಾಟ್ಸ್‌ಆ್ಯಪ್‌ನಲ್ಲಿ ‘ಶುಭೋದಯ’ದ ಹೂವಿನ ಚಿತ್ರ ಕಳಿಸ್ತಾಳೆ, ನೀವೂ ಕಳಿಸ್ತೀರಿ. ಮುಖ ನೋಡಿ ನಾಲ್ಕು ವರ್ಷ. ಮದುವೆ ಆದ ಮೇಲೆ ಗಂಡನ ಸ್ನೇಹಿತರ ಹೆಂಡತಿಯರು ನಮ್ಮ ಸ್ನೇಹಿತೆಯರಾಗ್ತಾರೆ, ಮಕ್ಕಳ ಸ್ನೇಹಿತರ ಅಮ್ಮಂದಿರು ಸ್ನೇಹಿತೆಯರಾಗ್ತಾರೆ. ಒಳ್ಳೆಯದೇ. ಆದರೆ ‘ಇಂಥವರ ಹೆಂಡತಿ’, ‘ಇಂಥವರ ಅಮ್ಮ’ ಅಲ್ಲದೆ ಬರೀ ನಿಮ್ಮ ಹೆಸರಿನಿಂದ ನಿಮ್ಮನ್ನು ಬಲ್ಲವರು ಎಷ್ಟು ಜನ ಉಳಿದಿದ್ದಾರೆ? ನನ್ನನ್ನು ಕೇಳಿದರೆ, ಗೃಹಿಣಿ ಕಳೆದುಕೊಳ್ಳುವ ದೊಡ್ಡ ಆಸ್ತಿ ಇದೇ. ಕಳೆದಿದೆ ಅನ್ನೋದೂ ಅವಳಿಗೆ ಗೊತ್ತಾಗಲ್ಲ, ಯಾಕೆಂದ್ರೆ ಹುಡುಕೋದಕ್ಕೆ ಪುರುಸೊತ್ತೇ ಇರಲ್ಲ.

ಇನ್ನೂ ಒಂದು ಮಾತು. ಗಂಡ ತೀರಿಕೊಂಡವರು, ವಿಚ್ಛೇದನ ಆದವರು, ಮದುವೆಯೇ ಆಗದವರು ನಿಮ್ಮ ಪರಿಚಯದಲ್ಲಿ ಇರ್ತಾರೆ. ದಂಪತಿಗಳು ಸೇರುವ ಊಟಕ್ಕೆ ಅವರನ್ನು ಕರೆಯಲ್ಲ. ಅರಿಶಿನ ಕುಂಕುಮಕ್ಕೆ ಕೆಲವರು ಇವತ್ತಿಗೂ ಕರೆಯಲ್ಲ. ಟ್ರಿಪ್‌ಗೆ ಹೊರಟಾಗ ರೂಮು ಲೆಕ್ಕ ಹಾಕೋದೇ ಜೋಡಿಯಲ್ಲಿ. ನನ್ನ ಪರಿಚಯದ ಒಬ್ಬರು ಹೇಳಿದ್ರು, “ನಮ್ಮವರು ಹೋದ ಮೇಲೆ ಎಲ್ಲರೂ ನನ್ನನ್ನು ನೋಡೋದಕ್ಕೆ ಬಂದ್ರು. ಆದರೆ ನಮ್ಮನೆಗೆ ಬಾ ಅಂತ ಯಾರೂ ಕರೀಲಿಲ್ಲ.” ಎಷ್ಟು ನಿಜ ನೋಡಿ! ಸಂತಾಪ ಹೇಳೋದು ಸುಲಭ, ಸೋಫಾದಲ್ಲಿ ಜಾಗ ಕೊಡೋದು ಕಷ್ಟ. ಸಿನಿಮಾ ನೋಡೋಕೆ ಜೋಡಿ ಬೇಕಾಗಿಲ್ಲ, ಶಾಸ್ತ್ರ ಬೇಕಾಗಿಲ್ಲ. ನಿಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಅಂಥವರದ್ದಾಗಿರಲಿ ಅನ್ನೋದು ನನ್ನ ಆಸೆ.

ಮನೆಯವರಿಗೆ ಹೇಳೋದು ಹೇಗೆ?

ಕೇಳಬೇಡಿ, ತಿಳಿಸಿ. ಎರಡಕ್ಕೂ ವ್ಯತ್ಯಾಸ ಇದೆ. “ರೀ, ಶನಿವಾರ ನನ್ನ ಫ್ರೆಂಡ್ ಬರಲಾ?” ಅಂದ್ರೆ ಅದು ಅರ್ಜಿ. ಅರ್ಜಿ ಅಂದ ಮೇಲೆ ತಿರಸ್ಕಾರ ಆಗಬಹುದು, “ನೋಡೋಣ” ಅಂತ ಪೆಂಡಿಂಗ್ ಬೀಳಬಹುದು. “ರೀ, ಬರೋ ತಿಂಗಳು ಎರಡನೇ ಶನಿವಾರ, ಭಾನುವಾರ ನನ್ನ ಫ್ರೆಂಡ್ ಬರ್ತಿದ್ದಾಳೆ. ಟೀವಿ ನಮಗೆ ಬೇಕು. ಎರಡು ದಿನದ ಊಟದ ವ್ಯವಸ್ಥೆ ನಿಮ್ಮದು. ನಿಮಗೆ ಮ್ಯಾಚ್ ಇದ್ರೆ ಈಗಲೇ ಹೇಳಿ, ದಿನ ಬದಲಿಸ್ತೀನಿ” ಅನ್ನಿ. ಹದಿನೈದು ದಿನ ಮುಂಚೆ ಹೇಳಿ. ಹಿಂದಿನ ದಿನ ರಾತ್ರಿ ಹೇಳಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ, ನಮಗೇ ಬರಲ್ವೇ?

“ನಮ್ಮವರಿಗೆ ಅನ್ನ ಇಡೋಕೂ ಬರಲ್ಲ” ಅಂತೀರಾ? ಕುಕ್ಕರ್‌ಗೆ ಅಕ್ಕಿ, ಬೇಳೆ ಹಾಕಿ ಮೂರು ವಿಷಲ್ ಕೂಗಿಸೋದು ಕಲಿಯೋದಕ್ಕೆ ಒಂದು ಭಾನುವಾರ ಸಾಕು. ಅವರು ಉಪ್ಪು ಜಾಸ್ತಿ ಹಾಕಿದ್ರೆ ಒಂದು ದಿನ ತಿನ್ನೋಣ, ಏನಾಗುತ್ತೆ? ದಯವಿಟ್ಟು ಮಧ್ಯೆ ಎದ್ದು ಹೋಗಿ “ಬಿಡಿ ಬಿಡಿ, ನಾನೇ ಮಾಡ್ತೀನಿ” ಅನ್ನಬೇಡಿ. ನಮ್ಮ ರಜೆಯನ್ನು ಅರ್ಧ ಹಾಳು ಮಾಡೋದು ಈ ಒಂದು ಮಾತು.

ಹಾಗಂತ ಅಡುಗೆಮನೆಯ ಭಾರವನ್ನು ಇನ್ನೊಬ್ಬ ಹೆಂಗಸಿನ ತಲೆಗೆ ದಾಟಿಸಬೇಡಿ. ಮನೆಗೆಲಸದ ಅಮ್ಮನಿಗೆ “ಎರಡು ದಿನ ಸಂಜೆ ತನಕ ಇದ್ದುಬಿಡು” ಅನ್ನೋದು, ಅತ್ತೆಯವರ ಕೈಗೆ ಸೌಟು ಕೊಟ್ಟು ನಾವು ಸೋಫಾದಲ್ಲಿ ಕೂರೋದು, ಇದಕ್ಕೆ ರಜೆ ಅನ್ನಲ್ಲ. ಅವರ ರಜೆ ಕಿತ್ತು ನಾವು ತೆಗೆದುಕೊಂಡ ಹಾಗಾಯ್ತು.

ಅತ್ತೆಯವರ ಮಾತು ಬಂತಲ್ಲ, ಅಲ್ಲೂ ಒಂದು ಉಪಾಯ ಇದೆ. ನಾಲ್ಕರಲ್ಲಿ ಒಂದು ಸಿನಿಮಾ ಅವರ ಆಯ್ಕೆಗೆ ಬಿಡಿ. “ಅತ್ತೆ, ಕಲ್ಪನಾ ಅವರ ಬೆಳ್ಳಿಮೋಡ ನೀವು ಥಿಯೇಟರ್‌ನಲ್ಲೇ ನೋಡಿದ್ರಂತೆ, ಹೌದಾ?” ಅಂತ ಕೇಳಿ ನೋಡಿ. 1967ರ ಸಿನಿಮಾ ಅದು. ಯಾರ ಜೊತೆ ಹೋಗಿದ್ರು, ಯಾರಿಗೆ ಸುಳ್ಳು ಹೇಳಿ ಹೋಗಿದ್ರು, ಎಲ್ಲಾ ಹೊರಗೆ ಬರುತ್ತೆ. ಅವರೂ ಒಂದು ಕಾಲಕ್ಕೆ ಯಾರದೋ ಗೆಳತಿ ಆಗಿದ್ದವರೇ ತಾನೇ? ಆದರೆ ಒಂದು ಸಿನಿಮಾ ಸಾಕು. ಉಳಿದ ಹೊತ್ತು ನಿಮ್ಮಿಬ್ಬರದ್ದು ಅನ್ನೋದನ್ನೂ ನಗುನಗುತ್ತಾ ಮುಂಚೆಯೇ ಹೇಳಿಬಿಡಿ.

ಪುಟ್ಟ ಮಗು ಇರುವವರಿಗೆ ಎರಡು ದಿನ ಸಾಧ್ಯವಿಲ್ಲ, ಒಪ್ಪಿದೆ. ಅಂಥವರು ಒಂದು ಮಧ್ಯಾಹ್ನ, ಒಂದು ಸಿನಿಮಾ ಅಂತ ಶುರು ಮಾಡಿ. ಮಗು ಅತ್ತರೆ ಪಾಸ್ ಒತ್ತಬಹುದು, ಥಿಯೇಟರ್‌ನಲ್ಲಿ ಆಗಲ್ಲ. ಮನೆಯಲ್ಲಿ ನೋಡುವುದರ ದೊಡ್ಡ ಲಾಭವೇ ಅದು.

ಗೆಳತಿ ಅತಿಥಿ ಅಲ್ಲ

ನಮಗೆ ಒಂದು ಚಟ ಇದೆ. ಮನೆಗೆ ಯಾರೇ ಬರಲಿ, ಹಿಂದಿನ ದಿನವೇ ಪರದೆ ಒಗೆದು, ಬಾತ್‌ರೂಮ್ ತಿಕ್ಕಿ, ಒಬ್ಬಟ್ಟಿಗೆ ಬೇಳೆ ಬೇಯಿಸಿ ಸುಸ್ತಾಗಿರ್ತೀವಿ. ಬಂದವರು ಹೋದ ಮೇಲೆ ಎರಡು ದಿನ ಮೈಕೈ ನೋವು. ಈ ವಾರಾಂತ್ಯಕ್ಕೆ ಅದೆಲ್ಲ ನಿಷಿದ್ಧ. ಇಬ್ಬರೂ ಸೇರಿ ಈ ನಿಯಮ ಮಾಡಿಕೊಳ್ಳಿ:

* ಒಲೆ ಹಚ್ಚುವ ಅಡುಗೆ ಬೇಡ. ಪುಳಿಯೋಗರೆ ಗೊಜ್ಜು ಇದ್ದರೆ ಅನ್ನಕ್ಕೆ ಕಲೆಸಿದರಾಯ್ತು. ಮೊಸರನ್ನ, ಗೊಜ್ಜವಲಕ್ಕಿ ಸಾಕು. ಕೋಡುಬಳೆ, ನಿಪ್ಪಟ್ಟು ಕಾಂಡಿಮೆಂಟ್ಸ್ ಅಂಗಡಿಯಿಂದ ಬರಲಿ. ಚುರುಮುರಿಗೆ ಈರುಳ್ಳಿ ಹೆಚ್ಚುವ ಕೆಲಸ ಬಂದವಳದ್ದು.

* ಬೆಳಗ್ಗೆಯೇ ಡಿಕಾಕ್ಷನ್ ಇಳಿಸಿ, ಕಾಫಿ ಬೆರೆಸಿ ಫ್ಲಾಸ್ಕ್‌ಗೆ ಹಾಕಿಡಿ. ಪ್ರತಿ ಸಿನಿಮಾಕ್ಕೆ ಒಂದೊಂದು ಲೋಟ. ರಾತ್ರಿಗೆ ಬೇಡ, ನಿದ್ದೆ ಬರಲ್ಲ.

* ಖರ್ಚು ಸಮಪಾಲು. “ಇರಲಿ ಬಿಡೇ” ಅನ್ನೋದು ಬೇಡ. ಕೈಯಲ್ಲಿ ದುಡ್ಡು ಕಡಿಮೆ ಇರುವ ಗೆಳತಿಗೆ ಆ “ಇರಲಿ ಬಿಡೇ” ಚುಚ್ಚುತ್ತೆ, ಮುಂದಿನ ಸಲ ಬರಲ್ಲ. ಅವಳು ಮನೆಯಿಂದ ಚಿತ್ರಾನ್ನ ತಂದರೆ ಅದೇ ಅವಳ ಪಾಲು.

* ಮುಂದಿನ ಸಲ ಅವಳ ಮನೆ. ಅವಳ ಮನೆಯ ಟೀವಿ ಚಿಕ್ಕದು, ಹಾಲ್ ಚಿಕ್ಕದು ಅಂದ್ರೂ ಅಲ್ಲೇ.

* ಫೋನ್ ಎರಡೂ ರೂಮಿನಲ್ಲಿ. ಸ್ಟೇಟಸ್‌ಗೆ ಫೋಟೋ ಹಾಕೋದು ಬೇಡ. ಹಾಕಿದ್ರೆ ಲೈಕ್ ಎಷ್ಟು ಬಂತು ಅಂತ ನೋಡ್ತಾ ಕೂರ್ತೀರಿ, ಕರೆಯದೇ ಬಿಟ್ಟ ಮೂರನೆಯವಳಿಗೆ ಬೇಜಾರು ಬೇರೆ.

* ಸಿನಿಮಾ ಎಲ್ಲಿ ಸಿಗುತ್ತೆ ಅಂತ ಗುರುವಾರವೇ ಹುಡುಕಿಡಿ. ಹಳೆಯ ಕನ್ನಡ ಚಿತ್ರಗಳು ಎಷ್ಟೋ ಯೂಟ್ಯೂಬ್‌ನಲ್ಲಿವೆ. ಯಾರೋ ಕಳಿಸಿದ ಗೊತ್ತಿಲ್ಲದ ಲಿಂಕ್ ಒತ್ತಬೇಡಿ. ಬ್ಯಾಂಕಿನ ಆ್ಯಪ್ ಇರುವ ಫೋನ್‌ನಲ್ಲಂತೂ ಬೇಡವೇ ಬೇಡ.

* ಒಂದು ಸಿನಿಮಾ ಮುಗಿದ ಮೇಲೆ ಒಂದು ಗಂಟೆ ಬಿಡುವು. ನಡುವೆ ಇಂಟರ್‌ವಲ್‌ಗೆ ಎದ್ದು ಟೆರೇಸ್‌ಗೆ ಹೋಗಿ ಬನ್ನಿ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಕಾಲು ಊದುತ್ತೆ, ಬೆನ್ನು ಹಿಡಿಯುತ್ತೆ. ಶುಗರ್, ಬಿಪಿ ಮಾತ್ರೆ ಇರುವವರು ಕಥೆಯಲ್ಲಿ ಮುಳುಗಿ ಮಾತ್ರೆ ಮರೆಯಬೇಡಿ.

ಯಾವ ಸಿನಿಮಾ?

ನಿಮ್ಮ ಇಷ್ಟ. ಆದರೆ ಒಂದು ಕ್ರಮ ಇರಲಿ. ನಾಲ್ಕೂ ಅಳುವ ಸಿನಿಮಾ ಆದರೆ ತಲೆನೋವು, ನಾಲ್ಕೂ ನಗುವ ಸಿನಿಮಾ ಆದರೆ ಸಂಜೆಗೆ ಏನೂ ನೆನಪಿರಲ್ಲ. ನನ್ನ ಪಟ್ಟಿ ಹೇಳ್ತೀನಿ, ಬೇಕಾದ್ರೆ ಬದಲಿಸಿಕೊಳ್ಳಿ.

ಶನಿವಾರ ಬೆಳಗ್ಗೆ ‘ಗಣೇಶನ ಮದುವೆ’ (1990). ಫಣಿ ರಾಮಚಂದ್ರ ಅವರದ್ದು, ಅನಂತ್‌ನಾಗ್ ಮತ್ತು ವಿನಯಾ ಪ್ರಸಾದ್. ವಠಾರದ ಕಥೆ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು, ಕ್ಷುಲ್ಲಕ ಜಗಳ. ವಠಾರದಲ್ಲಿ ಬೆಳೆದವರಿಗೆ ಪ್ರತಿ ದೃಶ್ಯಕ್ಕೂ ಒಂದು ನೆನಪು. ಬಹಳ ದಿನದ ಮೇಲೆ ಭೇಟಿಯಾದಾಗ ಮೊದಲ ಹತ್ತು ನಿಮಿಷ ಒಂಥರಾ ಮುಜುಗರ ಇರುತ್ತೆ ನೋಡಿ, ಅದು ಹೋಗೋದಕ್ಕೆ ಒಟ್ಟಿಗೆ ನಗೋದೇ ಮದ್ದು.

ಶನಿವಾರ ಮಧ್ಯಾಹ್ನ ‘ಶರಪಂಜರ’ (1971). ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರ್ತಾಳೆ. ಕಾಯಿಲೆ ವಾಸಿಯಾಗಿದೆ, ಆದರೆ ಜನ ವಾಸಿಯಾಗಲು ಬಿಡಲ್ಲ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡನೇ ಕೈಬಿಡ್ತಾನೆ. ಐವತ್ತು ವರ್ಷ ದಾಟಿದ ಸಿನಿಮಾ, ನಮ್ಮ ಮನೆಗಳಲ್ಲಿ ಎಷ್ಟು ಬದಲಾಗಿದೆ? “ಅವಳಿಗೆ ಸ್ವಲ್ಪ ತಲೆ ಸರಿಯಿಲ್ಲವಂತೆ” ಅಂತ ಪಿಸುಗುಟ್ಟುವವರು ಈಗಲೂ ಇಲ್ವೇ?

ಇದು ಮುಗಿದ ಮೇಲೆ ಇನ್ನೊಂದು ಸಿನಿಮಾ ಹಾಕಬೇಡಿ. ಟೀವಿ ಆರಿಸಿ. ಸುಮ್ಮನೆ ಕೂತಿರಿ. ಮಾತು ತಾನಾಗಿ ಬರುತ್ತೆ.

ಭಾನುವಾರ ಬೆಳಗ್ಗೆ ‘ಗುಲಾಬಿ ಟಾಕೀಸು’. ಅಥವಾ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ಮಾಡಿದ ‘ಫಣಿಯಮ್ಮ’ (1983). ಬಾಲವಿಧವೆಯಾಗಿ ಇಡೀ ಆಯಸ್ಸನ್ನು ಮಡಿಯಲ್ಲಿ ಕಳೆದ ಹೆಣ್ಣುಮಗಳು, ತಲೆ ಬೋಳಿಸಿಕೊಳ್ಳಲು ಒಪ್ಪದ ಇನ್ನೊಬ್ಬ ಕಿರಿಯ ವಿಧವೆಯ ಪರವಾಗಿ ನಿಲ್ಲುವ ಕಥೆ. ಗಲಾಟೆ ಇಲ್ಲದೆ, ಭಾಷಣ ಇಲ್ಲದೆ ಒಬ್ಬ ಹೆಂಗಸು ಇನ್ನೊಬ್ಬಳ ಪಕ್ಕ ನಿಲ್ಲೋದು ಹೇಗೆ ಅನ್ನೋದನ್ನು ಈ ಅಜ್ಜಿಯಿಂದ ಕಲೀಬೇಕು.

ಕೊನೆಗೆ, ಭಾನುವಾರ ಮಧ್ಯಾಹ್ನ, ಶ್ರೀದೇವಿಯ ‘ಇಂಗ್ಲಿಷ್ ವಿಂಗ್ಲಿಷ್’ (2012). ಗೌರಿ ಶಿಂಧೆ ನಿರ್ದೇಶಿಸಿದ ಹಿಂದಿ ಚಿತ್ರ. ಲಾಡು ಮಾಡಿ ಮಾರುವ ಶಶಿ ಅನ್ನುವ ಗೃಹಿಣಿಗೆ ಇಂಗ್ಲಿಷ್ ಬರಲ್ಲ ಅಂತ ಗಂಡ, ಮಗಳು ಹಾಸ್ಯ ಮಾಡ್ತಾರೆ. ನ್ಯೂಯಾರ್ಕ್‌ಗೆ ಹೋದವಳು ಯಾರಿಗೂ ಹೇಳದೆ ನಾಲ್ಕು ವಾರದ ಇಂಗ್ಲಿಷ್ ತರಗತಿಗೆ ಸೇರ್ತಾಳೆ. ಮಗಳ ಸ್ಕೂಲಿನ ಮೀಟಿಂಗ್‌ನಲ್ಲಿ ಬಾಯಿ ಬಿಡಲು ಹೆದರಿದ ಅಮ್ಮಂದಿರಿಗೆ ಇದರ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಇದು ಕೊನೆಗೇ ಇರಲಿ. ಸೋಮವಾರ ಬೆಳಗ್ಗೆ ದೋಸೆ ಹುಯ್ಯುವಾಗ ಮನಸ್ಸಿನಲ್ಲಿ ಉಳಿಯಬೇಕಾದದ್ದು ಒಂದು ಧೈರ್ಯ.

ಮಾತು ಹೊರಬಿದ್ದಾಗ

ಈಗ ಸ್ವಲ್ಪ ಗಂಭೀರ ವಿಷಯ. ‘ಶರಪಂಜರ’ದಂಥ ಸಿನಿಮಾ ನೋಡಿದ ಮೇಲೆ ನಿಮ್ಮ ಗೆಳತಿ ಇದ್ದಕ್ಕಿದ್ದ ಹಾಗೆ “ನನಗೂ ಎರಡನೇ ಹೆರಿಗೆ ಆದ ಮೇಲೆ ಹೀಗೇ ಆಗಿತ್ತು ಕಣೇ, ಯಾರಿಗೂ ಹೇಳಿರಲಿಲ್ಲ” ಅನ್ನಬಹುದು. ಅಥವಾ ಮನೆಯಲ್ಲಿ ಕೈ ಎತ್ತುವ ಗಂಡನ ಬಗ್ಗೆ ಹೇಳಬಹುದು. ನೇರವಾಗಿ ಬಾಯಿಗೆ ಬರದ ಮಾತು, ಬೇರೆಯವಳ ಕಥೆಯ ನೆಪದಲ್ಲಿ ಬಂದುಬಿಡುತ್ತೆ. ಜೊತೆಯಾಗಿ ಸಿನಿಮಾ ನೋಡಿ ಅಂತ ನಾನು ಇಷ್ಟೊಂದು ಒತ್ತಿ ಹೇಳೋದು ಇದೇ ಕಾರಣಕ್ಕೆ.

ಆಗ ನೀವು ಮಾಡಬೇಕಾದದ್ದು ಏನು? ಮೊದಲನೆಯದು, ಕೇಳಿಸಿಕೊಳ್ಳಿ. “ಎಲ್ಲರ ಮನೆ ದೋಸೇನೂ ತೂತೇ ಬಿಡೇ” ಅಂತ ಮಾತು ಮುಚ್ಚಿಬಿಡಬೇಡಿ. ಅವಳು ತನ್ನ ದೋಸೆಯ ತೂತು ತೋರಿಸೋದಕ್ಕೆ ಎಷ್ಟು ವರ್ಷ ತಗೊಂಡಿದ್ದಾಳೋ! ಎರಡನೆಯದು, “ನೀನು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಿತ್ತು” ಅಂತ ತೀರ್ಪು ಕೊಡಬೇಡಿ. ಮೂರನೆಯದು, ಅದು ನಿಮ್ಮ ಗಂಡನ ಕಿವಿಗೂ, ನಿಮ್ಮ ಅಕ್ಕನ ಕಿವಿಗೂ ಹೋಗಬಾರದು. ಹೋದರೆ ಆ ಗೆಳೆತನಕ್ಕೆ ಅಲ್ಲಿಗೆ ‘ಶುಭಂ’.

ಹೆರಿಗೆಯ ನಂತರ ಮನಸ್ಸು ಕುಗ್ಗುವುದು, ಹಿಂದಿನವರು ‘ಬಾಣಂತಿ ಸನ್ನಿ’ ಅಂತಿದ್ದ ಕಾಯಿಲೆ, ಇವಕ್ಕೆಲ್ಲ ಈಗ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನಿಂದ ಬೇರೆ ಮಾಡದೆ, ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವೇ ಇದೆ. ಕಾವೇರಿಯ ಕಾಲಕ್ಕೆ ಇದೆಲ್ಲ ಎಲ್ಲಿತ್ತು! ಮನಸ್ಸಿನ ತೊಂದರೆಗೆ ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಿಂಸೆ ಇದ್ದರೆ ಮಹಿಳಾ ಸಹಾಯವಾಣಿ 181. ಎರಡು ನಂಬರ್ ಅವಳ ಫೋನ್‌ನಲ್ಲಿ ಸೇವ್ ಮಾಡಿಕೊಡಿ. ಫೋನ್ ಮಾಡೋದು ಬಿಡೋದು ಅವಳಿಗೆ ಬಿಟ್ಟದ್ದು, ಒತ್ತಾಯ ಬೇಡ. “ನೀನು ಮಾಡುವಾಗ ನಾನು ಪಕ್ಕದಲ್ಲಿ ಕೂತಿರ್ತೀನಿ” ಅಂದ್ರೆ ಸಾಕು.

ಏನೂ ಹೇಳದೆ ಬರೀ ನಕ್ಕು, ತಿಂದು, ಸೋಫಾದಲ್ಲೇ ಒಂದು ನಿದ್ದೆ ತೆಗೆದು ಅವಳು ಹೊರಟಳು ಅಂದುಕೊಳ್ಳಿ. ಅದೂ ಒಳ್ಳೆಯದೇ! ಪ್ರತಿ ಭೇಟಿಯಲ್ಲೂ ಕಣ್ಣೀರು ಬರಲೇಬೇಕು ಅಂತ ಏನಿಲ್ಲ. ಹೆಂಗಸರು ಸುಮ್ಮನೆ ಖುಷಿಯಾಗಿರೋದಕ್ಕೆ ಒಂದು ದೊಡ್ಡ ಉದ್ದೇಶ ಇರಬೇಕು ಅನ್ನೋದನ್ನೂ ನಾನು ಒಪ್ಪಲ್ಲ.

ಹಾಗಾದರೆ ಯಾವಾಗ?

“ಮಕ್ಕಳ ಪರೀಕ್ಷೆ ಮುಗೀಲಿ”, “ಹಬ್ಬ ಕಳೀಲಿ”, “ನಾದಿನಿ ಬಾಣಂತನ ಆಗಲಿ”... ಹೀಗೆ ಹೇಳ್ತಾ ಹೋದರೆ ವರ್ಷಗಳು ಉರುಳುತ್ತವೆ. ನಮ್ಮ ಮನೆಗಳಲ್ಲಿ ಕೆಲಸವೇ ಇಲ್ಲದ ವಾರ ಅಂತ ಒಂದು ಇರಲ್ಲ, ನಾವೇ ಮಾಡಿಕೊಳ್ಳಬೇಕು. ಎರಡು ದಿನ ಧೂಳು ಹೊಡೆಯದಿದ್ದರೆ ಮನೆ ಬಿದ್ದುಹೋಗಲ್ಲ. ಆದರೆ ಹತ್ತು ವರ್ಷ ಮಾತಾಡಿಸದೇ ಬಿಟ್ಟ ಗೆಳತಿ ಮತ್ತೆ ಸಿಗ್ತಾಳೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ.

ಅಡುಗೆಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆಯಲ್ಲ, ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಮಗಳ ಫೀಸ್ ಕಟ್ಟುವ ಕೊನೆಯ ದಿನ ಎಲ್ಲಾ ಬರೆದಿರ್ತೀರಲ್ಲ, ಅದರಲ್ಲಿ ಬರುವ ತಿಂಗಳ ಒಂದು ಶನಿವಾರಕ್ಕೆ ಸುತ್ತು ಹಾಕಿ. ಪಕ್ಕದಲ್ಲಿ ಅವಳ ಹೆಸರು ಬರೆಯಿರಿ. ಬರೆದ ಮೇಲೆ ಫೋನ್ ಎತ್ತಿಕೊಳ್ಳಿ. ಹೂವಿನ ಚಿತ್ರ ಕಳಿಸಬೇಡಿ, ಕಾಲ್ ಮಾಡಿ.

“ಏನೇ ವಿಶೇಷ, ಇಷ್ಟು ದಿನದ ಮೇಲೆ?” ಅಂತ ಅವಳು ಕೇಳೇ ಕೇಳ್ತಾಳೆ. “ವಿಶೇಷ ಏನೂ ಇಲ್ಲ ಕಣೇ, ನಾಲ್ಕು ಸಿನಿಮಾ ನೋಡೋಣ, ಬಾ” ಅನ್ನಿ.